180 ಡಿಗ್ರಿ ದಾಟಿದ ಮೇಲೆ ಓವನ್ ಎಫ್3 ದೋಷದ ಕೋಡ್ ತೋರಿಸುತ್ತೆ, ತಣ್ಣಗಿದ್ದಾಗ ಸೆನ್ಸರ್ ಸರಿಯಾಗೇ ಇದೆ

ಶಾಖಪ್ರಿಯ (ಪ್ರಶ್ನೆ)

ಕಪಾಟಿನೊಳಗೆ ಕೂರಿಸುವ ಮಾದರಿಯ ಎಲೆಕ್ಟ್ರಿಕ್ ಓವನ್. 230 ವೋಲ್ಟ್, ಸಿಂಗಲ್ ಫೇಸ್. ಫ್ಯಾನಿನ ಸುತ್ತ ಇರುವ ರಿಂಗ್ ಎಲಿಮೆಂಟ್ 2000 ವ್ಯಾಟ್, ಮೇಲಿನ ಗ್ರಿಲ್ 1800, ತಳದ್ದು 1000.

200ಕ್ಕೆ ಇಟ್ಟು ಫ್ಯಾನ್ ಮೋಡ್‌ನಲ್ಲಿ ಆನ್ ಮಾಡಿದರೆ ಮೊದಲ 15-20 ನಿಮಿಷ ಏನೂ ತಕರಾರಿಲ್ಲ. ಡಿಸ್‌ಪ್ಲೇ 180 ದಾಟುವ ಹೊತ್ತಿಗೆ ಬೀಪ್ ಬಂದು ಎಫ್3 ಬೀಳುತ್ತೆ. ಹೀಟರ್ ಆಫ್ ಆಗಿ ಕೂಲಿಂಗ್ ಫ್ಯಾನ್ ಮಾತ್ರ ಓಡುತ್ತಿರುತ್ತೆ. ಎಂಸಿಬಿ (ಸಪ್ಲೈ ಕಡಿಯುವ ಸ್ವಿಚ್) ಇಳಿಸಿ ಒಂದು ಗಂಟೆ ಬಿಟ್ಟು ಹಾಕಿದರೆ ಕೋಡ್ ಹೋಗಿರುತ್ತೆ, ಬಿಸಿಯಾದ ಮೇಲೆ ಮತ್ತೆ ಅದೇ. 120ಕ್ಕೆ ಇಟ್ಟರೆ ಎಷ್ಟು ಹೊತ್ತು ಓಡಿದರೂ ಕೋಡ್ ಬರಲ್ಲ. ಒಳಗೆ ಅಂಟಿಸಿರುವ ಸರ್ವಿಸ್ ಹಾಳೆಯಲ್ಲಿ ಎಫ್3 ಎಂದರೆ "ತಾಪಮಾನ ಸೆನ್ಸರ್ ಸರ್ಕ್ಯೂಟ್ ಓಪನ್" ಎಂದಿದೆ. ಸೆನ್ಸರ್ ಪಿಟಿ1000, ಅಂದರೆ ಬಿಸಿಯಾದಂತೆ ರೆಸಿಸ್ಟೆನ್ಸ್ ಏರುವ ಪ್ಲಾಟಿನಂ ಸೆನ್ಸರ್.

ಸೆನ್ಸರನ್ನು ಅದರ ಕನೆಕ್ಟರ್‌ನಿಂದ ಬಿಡಿಸಿ ಅಳೆದೆ: 1.098 ಕಿಲೋ ಓಮ್. ಆಗ ಕೋಣೆ 25 ಡಿಗ್ರಿ ಇತ್ತು. ಅಂದರೆ ಸೆನ್ಸರ್ ಚೆನ್ನಾಗಿದೆ, ಹೋಗಿರುವುದು ಕಂಟ್ರೋಲ್ ಬೋರ್ಡ್ ಎಂದುಕೊಳ್ಳಬಹುದಾ? ಬೋರ್ಡ್ ತರಿಸುವ ಮುನ್ನ ಖಾತ್ರಿ ಮಾಡಿಕೊಳ್ಳಬೇಕು.

ಇನ್ನೊಂದು ವಿಷಯ. ಈ ತಿಂಗಳಲ್ಲಿ ಎರಡು ಸಲ ಮನೆಯ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಅರ್ಥ್‌ಗೆ ಸೋರಿದರೆ ಸಪ್ಲೈ ಕಡಿಯುವ ಸ್ವಿಚ್) ಟ್ರಿಪ್ ಆಗಿದೆ. ಎರಡು ಸಲವೂ ಓವನ್ ಆಫ್ ಇತ್ತು, ವಾಟರ್ ಹೀಟರ್ ಹಾಕಿದ ಕ್ಷಣ ಬಿತ್ತು. ಓವನ್ ಪ್ಲಗ್ ತೆಗೆದಿಟ್ಟ ಮೇಲೆ ಒಮ್ಮೆಯೂ ಬಿದ್ದಿಲ್ಲ. ಇದಕ್ಕೂ ಎಫ್3ಗೂ ಸಂಬಂಧ ಇದೆಯಾ?

---

ಓಮ್_ಮೀಟರ್

ಬೋರ್ಡ್ ತರಿಸಬೇಡಿ, ಇನ್ನೂ ಅಷ್ಟು ದೂರ ಬಂದಿಲ್ಲ.

ನಿಮ್ಮ ಹಾಳೆಯಲ್ಲೇ ಉತ್ತರದ ಅರ್ಧ ಇದೆ: "ಸೆನ್ಸರ್ ಸರ್ಕ್ಯೂಟ್" ಎಂದಿದೆ, "ಸೆನ್ಸರ್" ಎಂದಿಲ್ಲ. ಬೋರ್ಡಿಗೆ ಕಾಣುವುದು ಎರಡು ಪಿನ್ನುಗಳ ನಡುವಿನ ರೆಸಿಸ್ಟೆನ್ಸ್ ಮಾತ್ರ. ಆ ಎರಡು ಪಿನ್ನುಗಳಿಂದ ಸೆನ್ಸರ್ ತುದಿಯವರೆಗೆ ಬೋರ್ಡಿನ ಸಾಕೆಟ್, ಪ್ಲಗ್, ಒಂದು ಮೀಟರ್ ವೈರ್, ಹಿಂಬದಿಯ ಕನೆಕ್ಟರ್, ಸೆನ್ಸರ್ ಬಾಲ ಇಷ್ಟೂ ಇವೆ. ಎಲ್ಲಿ ಕಡಿದರೂ ಅದೇ ಎಫ್3. ನೀವು ಅಳೆದಿರುವುದು ಕೊನೆಯ ತುಂಡನ್ನು ಮಾತ್ರ, ಅದೂ ತಣ್ಣಗಿದ್ದಾಗ. ಕೋಡ್ ಬರುವುದು ಬಿಸಿಯಲ್ಲಿ ಎಂದಾದರೆ ಅಳೆಯಬೇಕಾದದ್ದೂ ಬಿಸಿಯಲ್ಲೇ.

ಅಂದ ಹಾಗೆ ಎಫ್3 ಎಂಬುದಕ್ಕೆ ಎಲ್ಲ ಓವನ್‌ಗಳಲ್ಲೂ ಒಂದೇ ಅರ್ಥ ಇಲ್ಲ. ಒಂದರಲ್ಲಿ ಸೆನ್ಸರ್, ಇನ್ನೊಂದರಲ್ಲಿ ಬಾಗಿಲಿನ ಲಾಕ್. ಈ ಚರ್ಚೆ ಓದಿ ತಮ್ಮ ಓವನ್ ಬಿಚ್ಚುವವರು ಮೊದಲು ತಮ್ಮ ಮಾದರಿಯ ಹಾಳೆ ನೋಡಿಕೊಳ್ಳಿ.

ಪಿಟಿ1000ಕ್ಕೆ ಬರಬೇಕಾದ ಅಳತೆಗಳು ಇವು. 0 ಡಿಗ್ರಿಯಲ್ಲಿ 1000 ಓಮ್, 25ರಲ್ಲಿ 1097, 100ರಲ್ಲಿ 1385, 150ರಲ್ಲಿ 1573, 180ರಲ್ಲಿ 1685, 200ರಲ್ಲಿ 1759, 250ರಲ್ಲಿ 1941. ಡಿಗ್ರಿಗೆ ಸುಮಾರು 3.8 ಓಮ್ ಏರಿಕೆ. ಪಿಟಿ500 ಆಗಿದ್ದರೆ ಎಲ್ಲವೂ ಅರ್ಧ. ಕೆಲವು ಓವನ್‌ಗಳಲ್ಲಿ ಎನ್‌ಟಿಸಿ ಎಂಬ ಬೇರೆ ಬಗೆಯ ಸೆನ್ಸರ್ ಇರುತ್ತದೆ, ಅದು ತಲೆಕೆಳಗು: ಬಿಸಿಯಾದಂತೆ ರೆಸಿಸ್ಟೆನ್ಸ್ ಇಳಿಯುತ್ತದೆ. ಅದಕ್ಕೆ ಈ ಅಂಕಿಗಳು ನಡೆಯುವುದಿಲ್ಲ.

ಮಲ್ಟಿಮೀಟರ್ ಬಗ್ಗೆ ಒಂದು ಎಚ್ಚರಿಕೆ. ರೇಂಜ್ ಕೈಯಲ್ಲಿ ತಿರುಗಿಸುವ ಮೀಟರ್ ಆದರೆ 2 ಕಿಲೋ ಓಮ್ ರೇಂಜಿನಲ್ಲಿ 1.999ರ ಮೇಲೆ ಓಎಲ್ (ಅಳತೆ ರೇಂಜ್ ಮೀರಿದೆ ಅಥವಾ ದಾರಿ ಕಡಿದಿದೆ ಎಂಬ ಗುರುತು) ತೋರಿಸುತ್ತದೆ. ಪಿಟಿ1000 ಅಲ್ಲಿಗೆ ಮುಟ್ಟುವುದು 266 ಡಿಗ್ರಿಯ ಹತ್ತಿರ. ಆ ಶಾಖದಲ್ಲಿ ಒಳ್ಳೆಯ ಸೆನ್ಸರನ್ನೂ "ಓಪನ್" ಎಂದು ಎಸೆದುಬಿಡಬಹುದು. 250 ದಾಟಿಸಿ ಅಳೆಯುವುದಾದರೆ 20 ಕಿಲೋ ರೇಂಜಿಗೆ ಹೋಗಿ.

ಈಗ ಕೆಲಸ. ಎಂಸಿಬಿ ಇಳಿಸಿ, ಪ್ಲಗ್ಗನ್ನೂ ಕಿತ್ತಿಡಿ. ಸಿಂಗಲ್ ಪೋಲ್ ಎಂಸಿಬಿ ಒಂದೇ ವೈರ್ ಕಡಿಯುತ್ತದೆ, ಹಿಂದೆ ಯಾರೋ ಫೇಸ್-ನ್ಯೂಟ್ರಲ್ ಅದಲು ಬದಲು ಮಾಡಿದ್ದರೆ ಒಳಗೆ ಫೇಸ್ ಹಾಗೇ ಇರುತ್ತದೆ. ಪ್ಲಗ್ ಇಲ್ಲದೆ ನೇರ ವೈರಿಂಗ್ ಆಗಿದ್ದರೆ ಟೆಸ್ಟರ್ ದೀಪವನ್ನಷ್ಟೇ ನಂಬದೆ ಮೀಟರಿನ ಎಸಿ ರೇಂಜಿನಲ್ಲಿ ಫೇಸ್-ನ್ಯೂಟ್ರಲ್, ಫೇಸ್-ಬಾಡಿ, ನ್ಯೂಟ್ರಲ್-ಬಾಡಿ ಮೂರನ್ನೂ ನೋಡಿ. ಕೆಪಾಸಿಟರ್ ಖಾಲಿಯಾಗಲು ಐದು ನಿಮಿಷ ಬಿಡಿ. ಬಾಗಿಲು ಬಿಚ್ಚಿಟ್ಟರೆ ತೂಕ ಕಡಿಮೆಯಾಗುತ್ತದೆ. ಚೌಕಟ್ಟಿನ ಪಕ್ಕದ ಸ್ಕ್ರೂ ತೆಗೆದು ಇಬ್ಬರು ಸೇರಿ ಅಷ್ಟೇ ಎತ್ತರದ ಗಟ್ಟಿ ಮೇಜಿನ ಮೇಲೆ ಎಳೆದುಕೊಳ್ಳಿ. ಹಿಂಬದಿಯ ತಗಡಿನ ಅಂಚು ಬ್ಲೇಡಿನಂತೆ ಇರುತ್ತದೆ, ಕೈಗವಸು ಇರಲಿ.

ಮೊದಲ ಅಳತೆ ಬೋರ್ಡಿನ ಕಡೆಯ ಪ್ಲಗ್‌ನಲ್ಲಿ. ಸೆನ್ಸರ್ ಪ್ಲಗ್ಗನ್ನು ಬೋರ್ಡಿನಿಂದ ಕಿತ್ತು ಅದರ ಎರಡು ಪಿನ್ನುಗಳ ನಡುವೆ ಅಳೆಯಿರಿ. ತಣ್ಣಗಿದ್ದಾಗ 1.10ರ ಆಸುಪಾಸು ಬರಬೇಕು. ಮೀಟರ್ ಹಾಗೇ ಇಟ್ಟು ವೈರನ್ನು ಉದ್ದಕ್ಕೂ ಬೆರಳಿನಿಂದ ಬಾಗಿಸುತ್ತಾ ಬನ್ನಿ, ಕನೆಕ್ಟರನ್ನು ಅಲ್ಲಾಡಿಸಿ. ಅಂಕಿ ಐದು ಓಮ್‌ಗಿಂತ ಹೆಚ್ಚು ಕುಣಿದರೆ ಆ ಜಾಗವೇ ಕಳ್ಳ.

ಎರಡನೆಯದು ಸೆನ್ಸರಿನ ಎರಡೂ ವೈರುಗಳಿಂದ ಅದರದೇ ಲೋಹದ ಕೊಳವೆಗೆ. ಮೀಟರಿನ ಅತಿ ದೊಡ್ಡ ರೇಂಜಿನಲ್ಲೂ ಓಎಲ್ ಇರಬೇಕು.

ಮೂರನೆಯದು ಬಿಸಿ ಪರೀಕ್ಷೆ. ಹಿಂಬದಿಯ ತಗಡು ಹಾಕಿಯೇ ಓವನ್ ಓಡಿಸಿ. ಕೋಡ್ ಬಿದ್ದ ಕೂಡಲೇ ಸಪ್ಲೈ ಪೂರ್ತಿ ಕಿತ್ತು, ಪ್ಲಗ್ ಬಿಡಿಸಿ ಎರಡು ಮೂರು ನಿಮಿಷದೊಳಗೆ ಅಳೆಯಿರಿ. ಓಎಲ್ ಬಂದರೆ ದೋಷ ಬೋರ್ಡಿನ ಆಚೆ, ವೈರಿನಲ್ಲೋ ಸೆನ್ಸರಿನಲ್ಲೋ ಇದೆ. 1.6, 1.7 ಹೀಗೆ ಸ್ಥಿರವಾಗಿ ನಿಂತು ನಿಧಾನವಾಗಿ ಇಳಿಯುತ್ತಾ ಹೋದರೆ ಬೋರ್ಡಿನ ಮೇಲೆ ಅನುಮಾನ ಪಡಬಹುದು.

ಸೆನ್ಸರನ್ನಷ್ಟೇ ಬೇರೆಯಾಗಿ ನೋಡಬೇಕೆಂದರೆ ಕರಗುತ್ತಿರುವ ಮಂಜುಗಡ್ಡೆ ನೀರಲ್ಲಿ 1000, ಕುದಿಯುವ ನೀರಲ್ಲಿ 1385. ಎತ್ತರದ ಪ್ರದೇಶದಲ್ಲಿ ನೀರು 95ಕ್ಕೇ ಕುದಿದರೆ 1366, ಅದು ದೋಷವಲ್ಲ. ಅದ್ದುವುದು ಲೋಹದ ತುದಿಯನ್ನು ಮಾತ್ರ, ವೈರ್ ಹೊರಬರುವ ಜಾಗಕ್ಕೆ ನೀರು ತಾಗಬಾರದು. ಆದರೆ ನಿಮ್ಮ ಕೋಡ್ ಬರುವುದು 180ರ ಮೇಲೆ. ಕುದಿಯುವ ನೀರಲ್ಲಿ ಪಾಸಾದ ಸೆನ್ಸರ್ 180ರಲ್ಲೂ ಪಾಸಾಗುತ್ತದೆ ಎಂದೇನಿಲ್ಲ.

ಒಂದು ಪ್ರಶ್ನೆ: ಒಳಗೆ ಬೇರೆ ಥರ್ಮಾಮೀಟರ್ ಇಟ್ಟು ನೋಡಿದ್ದೀರಾ? ಡಿಸ್‌ಪ್ಲೇ 180 ಎಂದಾಗ ಅದು ಎಷ್ಟು ತೋರಿಸುತ್ತದೆ?

---

ತಂತಿಜೋಡಣೆ

ಇಷ್ಟೆಲ್ಲ ಯಾಕೆ ಸರ್? ಸೆನ್ಸರ್ ಬೋರ್ಡಿನಷ್ಟು ದುಬಾರಿ ವಸ್ತುವಲ್ಲ. ಹೊಸದು ಹಾಕಿ ನೋಡಿ, ಹೋದರೆ ಹೋಯ್ತು. ಹೋಗದಿದ್ದರೆ 1.1 ಕಿಲೋ ಓಮ್ ರೆಸಿಸ್ಟರ್ ಒಂದನ್ನು ಸೆನ್ಸರ್ ಜಾಗದಲ್ಲಿ ಬೋರ್ಡಿಗೆ ಸಿಕ್ಕಿಸಿ 20 ನಿಮಿಷ ಓಡಿಸಿ. ಕೋಡ್ ಬಂದರೆ ಬೋರ್ಡ್, ಬರದಿದ್ದರೆ ವೈರ್.

---

ಬೋರ್ಡ್‌ಮನೆ

ತಂತಿಜೋಡಣೆಯವರೇ, ಆ ರೆಸಿಸ್ಟರ್ ಸಲಹೆ ಹಾಗೇ ಬಿಡೋಕಾಗಲ್ಲ, ಅಪಾಯ ಇದೆ. 1.1 ಕಿಲೋ ಅಂದರೆ ಬೋರ್ಡಿಗೆ 26 ಡಿಗ್ರಿ. ಓವನ್ ಎಷ್ಟೇ ಕಾದರೂ ಅದಕ್ಕೆ 26 ಅಂತಲೇ ಕಾಣುತ್ತೆ, ಹೀಟರ್ ಆಫ್ ಮಾಡೋದೇ ಇಲ್ಲ. ತಡೆಯೋಕೆ ಉಳಿಯೋದು ಥರ್ಮಲ್ ಕಟೌಟ್ (ಅತಿ ಬಿಸಿಯಾದರೆ ಸಪ್ಲೈ ಕಡಿಯೋ ಭಾಗ) ಒಂದೇ, ಅದು ಸರಿಯಾಗಿದೆ ಅಂತ ಯಾರು ಹೇಳಿದ್ರು?

ಇದನ್ನೇ ತಿರುಗಿಸಿ ಮಾಡಿ. 1.8 ಕಿಲೋ ಓಮ್ ರೆಸಿಸ್ಟರ್ ಹಾಕಿ, ಓವನ್ನನ್ನು 100ಕ್ಕೆ ಸೆಟ್ ಮಾಡಿ. 1.8 ಅಂದರೆ ಬೋರ್ಡಿನ ಕಣ್ಣಿಗೆ 211 ಡಿಗ್ರಿ. "ಆಗಲೇ ಬೇಕಾದ್ದಕ್ಕಿಂತ ಬಿಸಿ ಇದೆ" ಅಂದುಕೊಂಡು ಹೀಟರ್ ರಿಲೇ (ಬೋರ್ಡ್ ನಡೆಸೋ ಸ್ವಿಚ್) ಹಾಕೋದೇ ಇಲ್ಲ. ರೆಸಿಸ್ಟರ್ ಒಂದು ಪರ್ಸೆಂಟಿನದ್ದಾದರೆ ಒಳ್ಳೇದು. ಐದು ಪರ್ಸೆಂಟಿನದ್ದು 1.71ರಿಂದ 1.89ರವರೆಗೆ ಎಲ್ಲಿ ಬೇಕಾದರೂ ಇರಬಹುದು, ಅಂದರೆ 187ರಿಂದ 236 ಡಿಗ್ರಿ. 100ಕ್ಕೆ ಸೆಟ್ ಮಾಡಿದ್ದಾಗ ಎರಡೂ ನಡೆಯುತ್ತೆ, ಆದರೂ ಮೊದಲು ಮೀಟರಲ್ಲಿ ಅಳೆದುಕೊಳ್ಳಿ.

ಮೊದಲು ಸಪ್ಲೈ ತೆಗೆದು, ಹೇರ್ ಡ್ರೈಯರ್‌ನಿಂದ ಬೋರ್ಡಿನ ಸೆನ್ಸರ್ ಸಾಕೆಟ್ ಸುತ್ತ ಮುತ್ತ ಎರಡು ನಿಮಿಷ ಬೆಚ್ಚಗೆ ಮಾಡಿ, 60-70 ಡಿಗ್ರಿ ಸಾಕು. ಕವರ್ ಮುಚ್ಚಿ ಸಪ್ಲೈ ಕೊಡಿ. ಸಪ್ಲೈ ಇರೋವಾಗ ಕೈ ಒಳಗೆ ಹೋಗಬಾರದು: ಈ ಬೋರ್ಡುಗಳಲ್ಲಿ ಎಷ್ಟೋ ಟ್ರಾನ್ಸ್‌ಫಾರ್ಮರ್ ಇಲ್ಲದವು, ಅಲ್ಲಿನ 5 ವೋಲ್ಟ್ ಲೈನ್ ಕೂಡ ಮೇನ್ಸಿಗೆ ತಗುಲಿಕೊಂಡೇ ಇರುತ್ತೆ. ಎಫ್3 ಬಂದರೆ ಬೋರ್ಡೇ ಅಪರಾಧಿ. ಆಗಲೂ ಬೋರ್ಡ್ ಎಸೆಯೋ ಮುಂಚೆ ಸಾಕೆಟ್ಟಿನ ಸೋಲ್ಡರ್ ಭೂತಗನ್ನಡಿಯಲ್ಲಿ ನೋಡಿ. ಪಿನ್ ಸುತ್ತ ಕೂದಲಿನಷ್ಟು ಸಣ್ಣ ಉಂಗುರದಂಥ ಬಿರುಕು ಇದ್ದರೆ ಅದು ಡ್ರೈ ಜಾಯಿಂಟ್, ಅಂದರೆ ಬಿಟ್ಟ ಬೆಸುಗೆ. ಹಳೇ ಸೋಲ್ಡರ್ ಹೀರಿ ತೆಗೆದು ಹೊಸದು ಹಾಕಿದರೆ ಮುಗೀತು.

ಬೋರ್ಡ್ ಬಿಸಿಯಲ್ಲಿ ಕೆಡೋಕೆ ಇನ್ನೊಂದು ಕಾರಣ ಕೂಲಿಂಗ್ ಫ್ಯಾನ್. ಜಿಡ್ಡು ಹಿಡಿದು ನಿಧಾನ ತಿರುಗಿದರೆ ಬೋರ್ಡ್ ಇರೋ ಗೂಡು ಬೇಯುತ್ತೆ. ಸಪ್ಲೈ ಇಲ್ಲದಾಗ ಬೆರಳಿಂದ ತಳ್ಳಿ ಬಿಡಿ, ಒಂದೆರಡು ಸುತ್ತು ತಾನಾಗೇ ತಿರುಗಬೇಕು. ತಕ್ಷಣ ನಿಂತರೆ ಬೇರಿಂಗ್ ಬಿಗಿದಿದೆ.

ಸೆನ್ಸರ್ ಬದಲಾಯಿಸಿ ನೋಡೋದರ ಬಗ್ಗೆ: ಅದರಲ್ಲಿ ಒಂದು ಮೋಸ ಇದೆ. ಹೊಸ ಸೆನ್ಸರ್ ಹಾಕೋವಾಗ ಕನೆಕ್ಟರ್ ಬಿಚ್ಚಿ ಮತ್ತೆ ಒತ್ತುತ್ತೀರಿ. ಆ ಉಜ್ಜಾಟಕ್ಕೇ ಕಪ್ಪಾದ ಪಿನ್ ಸ್ವಲ್ಪ ಶುಭ್ರವಾಗಿ ಕೋಡ್ ಮಾಯ ಆಗುತ್ತೆ. "ಸೆನ್ಸರೇ ಹೋಗಿತ್ತು" ಅಂತ ನಿರ್ಧಾರ ಆಗಿಬಿಡುತ್ತೆ. ಕೆಲವು ವಾರ ಬಿಟ್ಟು ಕೋಡ್ ವಾಪಸ್, ಆಗ ಹೊಸ ಸೆನ್ಸರಿಗೆ ಬೈಗುಳ.

---

ತಂತಿಜೋಡಣೆ

ಒಪ್ಪಿದೆ, 1.1 ಹಾಕಿದರೆ ಹೀಟರ್ ನಿಲ್ಲಲ್ಲ ಅನ್ನೋದನ್ನು ಯೋಚಿಸಿರಲಿಲ್ಲ. ಯಾರೂ ಅದನ್ನು ಮಾಡಬೇಡಿ. 1.8ರ ಲೆಕ್ಕ ಚೆನ್ನಾಗಿದೆ.

---

ಅರ್ಥ್_ಪಿನ್

ಆರ್‌ಸಿಸಿಬಿ ವಿಷಯಕ್ಕೆ ಬರುತ್ತೇನೆ. ಎಫ್3ಗೆ ಸಂಬಂಧ ಇಲ್ಲ, ಆದರೆ ನನ್ನ ಪ್ರಕಾರ ಮೊದಲು ನೋಡಬೇಕಾದದ್ದು ಇದನ್ನೇ. ಎಫ್3 ಬಂದರೆ ಓವನ್ ನಿಲ್ಲುತ್ತದೆ ಅಷ್ಟೇ, ಇದು ಮೈ ಮುಟ್ಟುವ ವಿಷಯ.

"ಓವನ್ ಆಫ್ ಇದ್ದಾಗ, ಬೇರೆ ದೊಡ್ಡ ಲೋಡ್ ಹಾಕಿದ ಕ್ಷಣ" ಎಂದಿರಲ್ಲ, ಇದು ನ್ಯೂಟ್ರಲ್-ಅರ್ಥ್ ಲೀಕೇಜಿನ ಗುರುತು. ಬಹಳ ಓವನ್‌ಗಳಲ್ಲಿ ರಿಲೇ ಎಲಿಮೆಂಟಿನ ಒಂದು ತುದಿಯನ್ನು, ಅಂದರೆ ಫೇಸನ್ನು ಮಾತ್ರ ಕಡಿಯುತ್ತದೆ. ಇನ್ನೊಂದು ತುದಿ ಓವನ್ ಆಫ್ ಇದ್ದರೂ ನ್ಯೂಟ್ರಲ್‌ಗೆ ಅಂಟಿಕೊಂಡೇ ಇರುತ್ತದೆ. ಎಲಿಮೆಂಟ್ ಆ ತುದಿಯ ಹತ್ತಿರ ಕವಚಕ್ಕೆ ಲೀಕ್ ಆಗುತ್ತಿದ್ದರೆ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದು ಕಳ್ಳದಾರಿ ತೆರೆದಂತೆ. ಸಾಮಾನ್ಯವಾಗಿ ಆ ಎರಡರ ನಡುವೆ ವೋಲ್ಟೇಜ್ ತೀರಾ ಕಡಿಮೆ, ಹಾಗಾಗಿ ಏನೂ ಗೊತ್ತಾಗುವುದಿಲ್ಲ. ವಾಟರ್ ಹೀಟರ್‌ನಂಥ ದೊಡ್ಡ ಲೋಡ್ ಬಿದ್ದಾಗ ನ್ಯೂಟ್ರಲ್ ವೈರಿನಲ್ಲಿ ಕೆಲವು ವೋಲ್ಟ್ ಡ್ರಾಪ್ ಆಗುತ್ತದೆ. 5 ವೋಲ್ಟ್ ಇದ್ದು ಲೀಕೇಜ್ ದಾರಿ 150 ಓಮ್ ಇದ್ದರೆ 33 ಮಿಲಿಆಂಪ್ ಪಕ್ಕದ ದಾರಿಯಲ್ಲಿ ಹೋಗುತ್ತದೆ. 30 ಮಿಲಿಆಂಪ್ ಆರ್‌ಸಿಸಿಬಿ ಅಷ್ಟಕ್ಕೆ ಬೀಳಲೇಬೇಕು. ಅದಕ್ಕಿಂತ ಮೊದಲೇ ಬೀಳಲೂಬಹುದು: 15ರವರೆಗೆ ಬೀಳಬಾರದು, 30ಕ್ಕೆ ಬೀಳಲೇಬೇಕು, ನಡುವೆ ಅದರ ಇಷ್ಟ.

ಹುಡುಕುವ ಕ್ರಮ: ಸಪ್ಲೈ ಕಿತ್ತು ಪ್ರತಿ ಎಲಿಮೆಂಟಿನ ಎರಡೂ ಲಗ್ (ವೈರಿನ ತುದಿಯ ಲೋಹದ ಜೋಡಣೆ) ಬಿಚ್ಚಿ. ಒಂದೇ ಲಗ್ ಬಿಚ್ಚಿದರೆ ಸಾಲದು. ಇನ್ನೊಂದರ ಮೂಲಕ ಬೇರೆ ಎಲಿಮೆಂಟುಗಳ ಅಳತೆ ಸೇರಿಕೊಳ್ಳುತ್ತದೆ. ಬಿಚ್ಚುವ ಮುಂಚೆ ಫೋಟೋ ತೆಗೆದಿಟ್ಟುಕೊಳ್ಳಿ.

ತುದಿಯಿಂದ ತುದಿಗೆ ಬರಬೇಕಾದದ್ದು ವೋಲ್ಟೇಜಿನ ವರ್ಗವನ್ನು ವ್ಯಾಟಿನಿಂದ ಭಾಗಿಸಿದಷ್ಟು. 230ರ ವರ್ಗ 52,900. ಆದ್ದರಿಂದ ನಿಮ್ಮ 2000 ವ್ಯಾಟಿಗೆ 26.5 ಓಮ್, 1800ಕ್ಕೆ 29.4, 1000ಕ್ಕೆ 53. ಒಂದೆರಡು ಓಮ್ ಆಚೀಚೆ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಆದರೆ ಇದು ಸರಿ ಬಂತೆಂದ ಮಾತ್ರಕ್ಕೆ ಎಲಿಮೆಂಟ್ ಸರಿ ಎಂದಲ್ಲ. ಕಾಯುತ್ತದೆ ಎಂದಷ್ಟೇ ಅರ್ಥ.

ನಂತರ ತುದಿಯಿಂದ ಲೋಹದ ಕವಚಕ್ಕೆ. ಮೊದಲು ಮಲ್ಟಿಮೀಟರಿನಲ್ಲಿ, ಎರಡೂ ತುದಿಗಳಿಂದ ಬೇರೆ ಬೇರೆಯಾಗಿ ಬರೆದುಕೊಳ್ಳಿ. ಏನಾದರೂ ಅಂಕಿ ಕಂಡರೆ ಅಲ್ಲಿಗೇ ಸಿಕ್ಕಿತು. ಓಎಲ್ ಬಂದರೆ ಮುಗಿಯಲಿಲ್ಲ, ಮಲ್ಟಿಮೀಟರ್ ಕೊಡುವುದು ಕೆಲವೇ ವೋಲ್ಟ್, 230ರಲ್ಲಿ ಸೋರುವುದು ಅದಕ್ಕೆ ಕಾಣದೆ ಹೋಗಬಹುದು. 500 ವೋಲ್ಟ್ ಡಿಸಿ ಮೆಗ್ಗರ್ (ಹೆಚ್ಚು ವೋಲ್ಟ್ ಕೊಟ್ಟು ಲೀಕೇಜ್ ಅಳೆಯುವ ಮೀಟರ್) ಬೇಕು. 2 ಮೆಗಾ ಓಮ್‌ಗಿಂತ ಮೇಲಿದ್ದರೆ ಚಿಂತೆಯಿಲ್ಲ, ಒಳ್ಳೆಯ ಒಣ ಎಲಿಮೆಂಟ್ ಹತ್ತಾರು, ನೂರಾರು ಮೆಗಾ ಓಮ್ ತೋರಿಸುತ್ತದೆ. ಮೆಗ್ಗರನ್ನು ಎಲಿಮೆಂಟಿಗೆ ಮಾತ್ರ ಇಡಿ. ಸೆನ್ಸರ್ ವೈರಿಗೋ, ಬೋರ್ಡಿಗೆ ಸೇರಿರುವ ಲಗ್ಗಿಗೋ 500 ವೋಲ್ಟ್ ಹೊಡೆದರೆ ಇವತ್ತು ಇಲ್ಲದ ಬೋರ್ಡ್ ದೋಷ ನಾಳೆ ಇರುತ್ತದೆ.

ಕಡಿಮೆ ಬಂದರೆ ಎರಡು ಸಾಧ್ಯತೆ. ಒಂದು ತೇವ. ಎಲಿಮೆಂಟಿನ ಒಳಗೆ ಕಾಯಿಲ್ ಸುತ್ತ ತುಂಬಿರುವ ಮೆಗ್ನೀಸಿಯಂ ಆಕ್ಸೈಡ್ ಪುಡಿ ಗಾಳಿಯ ತೇವ ಹೀರುತ್ತದೆ, ತುದಿಯ ಸೀಲ್ ಒಣಗಿ ಬಿರಿದಿದ್ದರೆ ಇನ್ನೂ ಬೇಗ. ತಿಂಗಳುಗಟ್ಟಲೆ ಬಳಸದ ಎಲಿಮೆಂಟಿನಲ್ಲಿ ಇದು ಮಾಮೂಲು. ಬಿಚ್ಚಿ ತೆಗೆದು ಬೇರೊಂದು ಓವನ್‌ನಲ್ಲಿ 120-150 ಡಿಗ್ರಿಯಲ್ಲಿ ಎರಡು ಗಂಟೆ ಒಣಗಿಸಿ, ತಣ್ಣಗಾದ ಮೇಲೆ ಮತ್ತೆ ಅಳೆದರೆ ಏರಿರುತ್ತದೆ. ಎರಡನೆಯದು ಕವಚ ಒಡೆದಿರುವುದು ಅಥವಾ ಕಾಯಿಲ್ ಸರಿದು ಕವಚಕ್ಕೆ ತಾಗಿರುವುದು. ಒಣಗಿಸಿದರೆ ಹೋಗುವ ಕಾಯಿಲೆ ಅಲ್ಲ ಅದು, ಎಲಿಮೆಂಟ್ ಬದಲಿಸಬೇಕು.

"ಅರ್ಥ್ ವೈರ್ ಬಿಚ್ಚಿಟ್ಟರೆ ಟ್ರಿಪ್ ಆಗಲ್ಲ" ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಟ್ರಿಪ್ ಆಗುವುದಿಲ್ಲ ನಿಜ, ಆದರೆ ಓವನ್ನಿನ ಮೈಯೇ ಫೇಸ್ ಆಗಿ ಕೂತಿರಬಹುದು.

---

ಶಾಖಪ್ರಿಯ

ಎಲ್ಲರಿಗೂ ಧನ್ಯವಾದ. ಹೇಳಿದ ಕ್ರಮದಲ್ಲೇ ಅಳೆದೆ.

ಥರ್ಮಾಮೀಟರ್: ಡಿಸ್‌ಪ್ಲೇ 180 ತೋರಿಸುವಾಗ ಒಳಗೆ 160ರಿಂದ 165. 120ರ ಹತ್ತಿರ ಎರಡೂ ಹೊಂದುತ್ತವೆ.

ಬೋರ್ಡ್ ಪ್ಲಗ್‌ನಲ್ಲಿ ತಣ್ಣಗಿದ್ದಾಗ 1.10. ಅಲ್ಲಾಡಿಸಿದಾಗ ಹೆಚ್ಚೇನೂ ಕುಣಿಯಲಿಲ್ಲ. ಕೋಡ್ ಬಿದ್ದ ಮೇಲೆ ಅದೇ ಜಾಗದಲ್ಲಿ ಒಮ್ಮೆ ಓಎಲ್, ಮತ್ತೆ ತಾನಾಗೇ 1.69, ವೈರ್ ಮುಟ್ಟಿದರೆ ಮತ್ತೆ ಓಎಲ್. ಸಪ್ಲೈ ಕಿತ್ತೇ ಇತ್ತು, ಹಿಂಬದಿಯ ತಗಡು ತೆಗೆದು ಮಧ್ಯದ ಕನೆಕ್ಟರ್ ಬಿಚ್ಚದೆ ಅದರ ಹಿಂದಿನಿಂದ ಸೂಜಿ ತೂರಿಸಿ ಸೆನ್ಸರ್ ಕಡೆಯ ವೈರಿನಲ್ಲಿ ಅಳೆದರೆ 1.62, ಸ್ಥಿರ. ಕನೆಕ್ಟರಿನ ಪ್ಲಾಸ್ಟಿಕ್ ಒಂದು ಮೂಲೆಯಲ್ಲಿ ಕಂದು ಬಣ್ಣಕ್ಕೆ ತಿರುಗಿದೆ. ಬಿಸಿಗಾಳಿ ಹೊರಬರುವ ಕೊಳವೆಗೆ ಒರಗಿಕೊಂಡೇ ಇತ್ತು.

1.8 ಕಿಲೋ ರೆಸಿಸ್ಟರ್ ಹಾಕಿ ಹೇರ್ ಡ್ರೈಯರ್ ಪರೀಕ್ಷೆಯನ್ನೂ ಮಾಡಿದೆ, ಅರ್ಧ ಗಂಟೆ ಬಿಟ್ಟರೂ ಕೋಡ್ ಇಲ್ಲ.

ಎಲಿಮೆಂಟುಗಳು: ರಿಂಗ್ 26.8, ಗ್ರಿಲ್ 29.9, ತಳದ್ದು 53. ಮೊದಲ ಎರಡು ಮೆಗ್ಗರಿನಲ್ಲಿ 100 ಮೆಗಾ ಓಮ್‌ಗಿಂತ ಮೇಲೆ. ತಳದ್ದರಲ್ಲಿ ಮೆಗ್ಗರ್ ಸೊನ್ನೆ. ಮಲ್ಟಿಮೀಟರಿನಲ್ಲಿ ಒಂದು ತುದಿಯಿಂದ ಕವಚಕ್ಕೆ 160 ಓಮ್, ಇನ್ನೊಂದರಿಂದ 205. ಇದನ್ನು ಒಣಗಿಸಿ ನೋಡಲೇ? ತಳದ ಎಲಿಮೆಂಟ್ ಮಾತ್ರ ಓಡುವ ಮೋಡ್ ಇತ್ತೀಚೆಗೆ ಹಾಕಿಯೇ ಇಲ್ಲ.

---

ಅರ್ಥ್_ಪಿನ್

ಒಣಗಿಸಿ ಸಮಯ ಹಾಳು ಮಾಡಬೇಡಿ, ಬದಲಿಸಿ.

ನಿಮ್ಮ ಎರಡು ಅಂಕಿಗಳಲ್ಲೇ ಜಾಗ ಗೊತ್ತಾಗುತ್ತದೆ. ವ್ಯತ್ಯಾಸ 45, ಒಟ್ಟು 53. 53ರಿಂದ 45 ಕಳೆದರೆ 8, ಅದರ ಅರ್ಧ 4. ಅಂದರೆ ಕಡಿಮೆ ತೋರಿಸಿದ ತುದಿಯಿಂದ 4 ಓಮ್ ದೂರದಲ್ಲಿ, ಕಾಯಿಲ್ ಉದ್ದದ ನೂರಕ್ಕೆ ಏಳೆಂಟು ಭಾಗದಲ್ಲಿ ಲೀಕ್ ಇದೆ. ಉಳಿದ 156 ಓಮ್ ಲೀಕೇಜ್ ದಾರಿಯದ್ದು. ಲಗ್ ಬಿಚ್ಚುವಾಗ ತೆಗೆದ ಫೋಟೋ ನೋಡಿ, 160 ತೋರಿಸಿದ ತುದಿಗೆ ನ್ಯೂಟ್ರಲ್ ವೈರ್ ಸೇರಿರಬೇಕು. ಸೇರಿದ್ದರೆ ವಾಟರ್ ಹೀಟರ್ ಹಾಕಿದಾಗ ಟ್ರಿಪ್ ಆದದ್ದಕ್ಕೆ ಲೆಕ್ಕ ಪೂರ್ತಿ ಕೂಡುತ್ತದೆ. ಅದೇ ಎಲಿಮೆಂಟ್ ಆನ್ ಮಾಡಿದ್ದರೆ ಆ ಜಾಗದಲ್ಲಿ 17 ವೋಲ್ಟ್ ಇರುತ್ತಿತ್ತು, ನೂರು ಮಿಲಿಆಂಪ್ ಮೇಲೆ ಸೋರಿ ಆ ಕ್ಷಣವೇ ಬೀಳುತ್ತಿತ್ತು. ಫ್ಯಾನ್ ಮೋಡ್ ಮಾತ್ರ ಬಳಸಿದ್ದರಿಂದ ಇಷ್ಟು ದಿನ ಅಡಗಿತ್ತು.

ಹೊಸದು ಬರುವವರೆಗೆ ತಳದ ಎಲಿಮೆಂಟಿನ ಎರಡೂ ವೈರ್ ಬಿಚ್ಚಿ, ಪ್ರತಿ ಲಗ್ಗಿಗೂ ಬೇರೆ ಬೇರೆ ಗ್ಲಾಸ್ ಫೈಬರ್ ತೋಳು ಹಾಕಿ, ತಗಡಿಗೆ ತಾಗದಂತೆ ಕಟ್ಟಿಡಿ. ಆ ಮೋಡ್ ಹಾಕಬೇಡಿ, ಹಾಕಿದರೆ ಆ ಲಗ್‌ನಲ್ಲಿ ಫೇಸ್ ಇರುತ್ತದೆ.

---

ಓಮ್_ಮೀಟರ್

ಥರ್ಮಾಮೀಟರ್ ಕೇಳಿದ್ದು ಇದಕ್ಕೇ. 1.69 ಮತ್ತು 1.62ರ ನಡುವೆ 70 ಓಮ್ ಆ ಕನೆಕ್ಟರಿನದ್ದು, ಡಿಗ್ರಿಗೆ 3.8ರಂತೆ 18 ಡಿಗ್ರಿ. ನೀವು ಕಂಡ ವ್ಯತ್ಯಾಸವೂ ಅಷ್ಟೇ. ಪಿಟಿ1000ದಲ್ಲಿ ಸಡಿಲ ಕನೆಕ್ಷನ್ ಮೊದಲು ಓವನ್ನನ್ನು ತಣ್ಣಗೆ ಓಡಿಸುತ್ತದೆ: ಇಲ್ಲದ ಬಿಸಿ ಇದೆ ಎಂದು ಬೋರ್ಡ್ ಬೇಗ ಹೀಟರ್ ಕಡಿಯುತ್ತದೆ, ಒಳಗಿಟ್ಟದ್ದು ಹೇಳಿದ ಹೊತ್ತಿಗೆ ಬೇಯುವುದಿಲ್ಲ. ಕೋಡ್ ಬರುವುದು ಆಮೇಲೆ. ಎನ್‌ಟಿಸಿ ಇರುವ ಓವನ್ ಆಗಿದ್ದರೆ ಇದೇ ದೋಷಕ್ಕೆ ಉಲ್ಟಾ, ಬೇಕಾದ್ದಕ್ಕಿಂತ ಹೆಚ್ಚು ಕಾಯುತ್ತದೆ.

ಹೆಣ್ಣು ಪಿನ್ನಿನ ಸ್ಪ್ರಿಂಗ್ ಕಾದು ಕಾದು ಬಿಗಿ ಕಳೆದುಕೊಂಡಿದೆ. ತಣ್ಣಗಿದ್ದಾಗ ಹೇಗೋ ತಾಗಿರುತ್ತದೆ, ಲೋಹ ಹಿಗ್ಗಿದಾಗ ಬಿಡುತ್ತದೆ. ಇಕ್ಕಳದಿಂದ ಒತ್ತಿ ಬಿಗಿ ಮಾಡುವುದು, ಕಾಂಟ್ಯಾಕ್ಟ್ ಸ್ಪ್ರೇ ಹೊಡೆಯುವುದು ಎರಡೂ ತಾತ್ಕಾಲಿಕ. ಕಾಲಿಗೆ ಬಲ ಇಲ್ಲದವನಿಗೆ ಹೊಸ ಚಪ್ಪಲಿ ಕೊಟ್ಟ ಹಾಗೆ. ಕಂದಾದ ಭಾಗವನ್ನು ಕತ್ತರಿಸಿ ತೆಗೆಯಿರಿ. ತಾಮ್ರದ ಎಳೆ ಕಪ್ಪಾಗಿದ್ದರೆ ಹೊಳೆಯುವ ತಾಮ್ರ ಸಿಗುವವರೆಗೂ ಹಿಂದಕ್ಕೆ ಕತ್ತರಿಸಿ, ಕಪ್ಪು ತಾಮ್ರದ ಮೇಲೆ ಕ್ರಿಂಪ್ (ಒತ್ತಿ ಕೂರಿಸಿದ ಜೋಡಣೆ) ನಿಲ್ಲುವುದಿಲ್ಲ.

ಹೊಸ ಜೋಡಣೆಗೆ ನಿಕ್ಕಲ್ ಲೇಪಿಸಿದ ಸ್ಟೀಲ್ ಟರ್ಮಿನಲ್. ಸಾಮಾನ್ಯ ತವರ ಲೇಪದ ಹಿತ್ತಾಳೆಯದ್ದು ಈ ಶಾಖದಲ್ಲಿ ಮತ್ತೆ ಸಡಿಲವಾಗುತ್ತದೆ. ಸರಿಯಾದ ಕ್ರಿಂಪಿಂಗ್ ಟೂಲಿನಿಂದ ಒತ್ತಿ, ಒತ್ತಿದ ಮೇಲೆ ಬಲವಾಗಿ ಎಳೆದು ನೋಡಿ. ಅಥವಾ ಪಿಂಗಾಣಿ ಟರ್ಮಿನಲ್ ಬ್ಲಾಕ್. ಸೋಲ್ಡರ್ ಬೇಡ: ತವರ-ಸೀಸದ ಸೋಲ್ಡರ್ 183 ಡಿಗ್ರಿಗೆ ಕರಗುತ್ತದೆ, ಅದಕ್ಕೂ ಎಷ್ಟೋ ಮೊದಲೇ ಮೆತ್ತಗಾಗುತ್ತದೆ. ಪಿವಿಸಿ ಟೇಪ್ ಅಂತೂ ಆ ಜಾಗದಲ್ಲಿ ಅಂಟು ದ್ರವವಾಗಿ ಸೋರುತ್ತದೆ. ವೈರ್ ಸೇರಿಸಬೇಕಾದರೆ ಸಿಲಿಕೋನ್ ಹೊದಿಕೆಯದ್ದು, 180 ಡಿಗ್ರಿ ತಡೆಯುವಂಥದ್ದು. ಪಿಟಿ1000ಕ್ಕೆ ಪ್ಲಸ್ ಮೈನಸ್ ಇಲ್ಲ, ಎರಡು ವೈರ್ ಹೇಗೆ ಸೇರಿಸಿದರೂ ಸರಿ.

ಕನೆಕ್ಟರ್ ಮತ್ತೆ ಆ ಕೊಳವೆಗೆ ಒರಗದಂತೆ ಲೋಹದ ಕ್ಲಿಪ್‌ನಲ್ಲಿ ದೂರ ಕಟ್ಟಿ. ಮೂಲ ಕ್ಲಿಪ್ ಕಳಚಿ ಬಿದ್ದಿರಬೇಕು, ತಗಡಿನಲ್ಲಿ ಅದರ ಖಾಲಿ ತೂತು ಕಾಣುತ್ತದೆ. ಹೀಟರ್ ವೈರುಗಳ ಜೊತೆ ಸೆನ್ಸರ್ ವೈರನ್ನು ಒಂದೇ ಕಟ್ಟಿಗೆ ಸೇರಿಸಬೇಡಿ.

---

ಬೋರ್ಡ್‌ಮನೆ

ಹೇಗೂ ಬಿಚ್ಚಿದ್ದೀರಿ, ರಿಲೇ ಒಮ್ಮೆ ನೋಡಿಬಿಡಿ. ಎಲಿಮೆಂಟ್ ಲಗ್ ಬಿಚ್ಚಿರೋವಾಗ ಪ್ರತಿ ರಿಲೇಯ ಕಾಂಟ್ಯಾಕ್ಟ್ ಎರಡೂ ಕಡೆ ಅಳೆದರೆ ಓಎಲ್ ಬರಬೇಕು. ಸೊನ್ನೆ ಬಂದರೆ ಕಾಂಟ್ಯಾಕ್ಟ್ ಅಂಟಿಕೊಂಡಿದೆ, ಅಂಥ ಓವನ್ ಆಫ್ ಮಾಡಿದರೂ ಕಾಯುತ್ತಾ ಇರುತ್ತೆ. ಅದಕ್ಕೆ ಬರೋ ಕೋಡೇ ಬೇರೆ, ಅತಿ ಬಿಸಿಯದ್ದು.

---

ಶಾಖಪ್ರಿಯ

ಖಾಲಿ ತೂತು ಇದೆ, ಕ್ಲಿಪ್ ತಳದಲ್ಲಿ ಬಿದ್ದಿತ್ತು. 160 ಓಮ್ ತುದಿಗೆ ನ್ಯೂಟ್ರಲ್ಲೇ ಸೇರಿದೆ. ರಿಲೇಗಳು ಮೂರೂ ಓಎಲ್.

ಎರಡೂ ಕಡೆ ನಾಲ್ಕು ಸೆಂಟಿಮೀಟರ್ ಕತ್ತರಿಸಿ ಪಿಂಗಾಣಿ ಬ್ಲಾಕ್ ಹಾಕಿದೆ, ಕೊಳವೆಯಿಂದ ಒಂದು ಗೇಣು ದೂರ ಕಟ್ಟಿದೆ. 230ಕ್ಕೆ ಇಟ್ಟು 50 ನಿಮಿಷ, ತಣ್ಣಗಾಗಲು ಬಿಟ್ಟು ಇನ್ನೊಮ್ಮೆ 50 ನಿಮಿಷ. ಕೋಡ್ ಇಲ್ಲ. ಡಿಸ್‌ಪ್ಲೇಗೂ ಥರ್ಮಾಮೀಟರಿಗೂ 4 ಡಿಗ್ರಿ ವ್ಯತ್ಯಾಸ. ನಿಲ್ಲಿಸಿದ ಕೂಡಲೇ ಬೋರ್ಡ್ ಪ್ಲಗ್‌ನಲ್ಲಿ 1.85, ವೈರ್ ಅಲ್ಲಾಡಿಸಿದರೂ ಓಎಲ್ ಬರಲಿಲ್ಲ. ತಳದ ಎಲಿಮೆಂಟಿನ ವೈರ್ ಬಿಚ್ಚಿಟ್ಟಿದ್ದೇನೆ, ಹೊಸದು ಬಂದ ಮೇಲೆ ಹಾಕುತ್ತೇನೆ.

---

ಅರ್ಥ್_ಪಿನ್

ಹೊಸ ಎಲಿಮೆಂಟ್ ಬಂದಾಗ ಹಾಕುವ ಮುಂಚೆಯೇ ಮೆಗ್ಗರ್ ಇಟ್ಟು ನೋಡಿ, ಗೋದಾಮಿನಲ್ಲಿ ಕೂತ ಹೊಸ ಎಲಿಮೆಂಟೂ ತೇವ ಹೀರಿರುತ್ತದೆ. ಹಾಕಿದ ಮೇಲೆ ಖಾಲಿ ಓವನ್ನನ್ನು ಮೊದಲು 100-120ರಲ್ಲಿ ಅರ್ಧ ಗಂಟೆ ಓಡಿಸಿ, ನಂತರ ಮೇಲಕ್ಕೆ ಹೋಗಿ. ಕೊನೆಗೆ ಪ್ಲಗ್ಗಿನ ಅರ್ಥ್ ಪಿನ್ನಿನಿಂದ ಓವನ್ನಿನ ಮೈಯ ಬಣ್ಣವಿಲ್ಲದ ಸ್ಕ್ರೂವಿಗೆ ಒಂದು ಓಮ್‌ಗಿಂತ ಕಡಿಮೆ ಇದೆಯೇ ನೋಡಿಕೊಂಡು ಕಪಾಟಿಗೆ ತಳ್ಳಿ.